ಎಂಬಾಲೆ ಎಂಬ ಊರಿನಲ್ಲಿ

ಮೊದಲ ದಿನ

ಉಗಾಂಡದ ಎಂಟೆಬೆ ಏರ್‌ಪೋರ್ಟಿನಲ್ಲಿ ಕಸ್ಟಮ್ಸ್ ಅಧಿಕಾರಿ ನನ್ನ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಬರೀ ರಬ್ಬರ್ ರಿಂಗು. ಸಾಸಿವೆ ಕಾಳು ಕೂರುವಷ್ಟು ಚಿಕ್ಕದರಿಂದ ಹಿಡಿದು ಕೂಸಿನ ಬಳೆಯಷ್ಟು ದೊಡ್ಡದರವರೆಗೆ, ಮುನ್ನೂರಾದರೂ ಇದ್ದವು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಅಲೆದು ಆರಿಸಿ ತಂದದ್ದು.

"ಇದೇನು?"

"ಎಂಡೋಸ್ಕೋಪಿಗೆ ಹಾಕುವ ಓ-ರಿಂಗ್."

"ಮಾರಲಿಕ್ಕಾ?"

"ಅಲ್ಲ, ಸುಮ್ನೆ ಕೊಡಲಿಕ್ಕೆ. ಎಂಬಾಲೆಗೆ."

ಊರಿನ ಹೆಸರು ಕೇಳಿದ್ದೇ ಅವರ ಮುಖ ಸಡಿಲವಾಯ್ತು. "ಓ, ತಲೆ ದೊಡ್ಡದಾಗೋ ಮಕ್ಕಳ ಆಸ್ಪತ್ರೆ" ಅಂದವರೇ ಮುಚ್ಚಳ ಹಾಕಿ ಡಬ್ಬಿಯನ್ನು ವಾಪಸ್ ಕೊಟ್ಟರು. ಹಳದಿ ಜ್ವರದ ಲಸಿಕೆ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿದವರು ಈ ಡಬ್ಬಿಗೆ ಮತ್ತೆ ಏನೂ ಕೇಳಲಿಲ್ಲ.

ನಾನು ಡಾಕ್ಟರಲ್ಲ. ಆಸ್ಪತ್ರೆಗಳ ಸ್ಕೋಪು (ಮೈಯೊಳಗೆ ಬಿಟ್ಟು ನೋಡುವ ತೆಳು ಕೊಳವೆ), ಲೈಟ್ ಸೋರ್ಸು, ಡ್ರಿಲ್ಲು ರಿಪೇರಿ ಮಾಡುವ ಸರ್ವಿಸ್ ಎಂಜಿನಿಯರ್. ಹದಿನೆಂಟು ವರ್ಷದಿಂದ ಇದೇ ಕೆಲಸ. ಹೀಗಿರುವಾಗ 2024ರ ಆಗಸ್ಟಿನಲ್ಲಿ ರಜೆ ಹಾಕಿ, ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಉಗಾಂಡಕ್ಕೆ ಯಾಕೆ ಬಂದೆ ಅಂದರೆ, ಅಕ್ಕನ ಮಗನ ಕಥೆ ಹೇಳಬೇಕು.

ಅವನಿಗೀಗ ಹದಿನಾಲ್ಕು. ಹುಟ್ಟಿ ಎರಡು ತಿಂಗಳಿಗೇ ತಲೆ ದೊಡ್ಡದಾಗುತ್ತಾ ಹೋಯ್ತು. ಹೋದ ವಾರದ ಕುಲಾವಿ ಈ ವಾರ ಹಿಡಿಸುತ್ತಿರಲಿಲ್ಲ. ತಲೆಯಲ್ಲಿ ನೀರು ತುಂಬೋದು ಅಂತಾರಲ್ಲ, ಅದು. ಡಾಕ್ಟರರು ಹೈಡ್ರೊಸೆಫಲಸ್ ಅಂತಾರೆ. ಮೆದುಳಿನ ಒಳಗಿನ ಕೋಣೆಗಳಲ್ಲಿ ದಿನಾ ಹೊಸ ನೀರು ಊರುತ್ತದೆ, ಹರಿದು ಹೋಗಿ ರಕ್ತಕ್ಕೆ ಸೇರುತ್ತದೆ. ಹರಿಯುವ ದಾರಿ ಕಟ್ಟಿಕೊಂಡರೆ ಒಳಗೇ ನಿಲ್ಲುತ್ತದೆ. ಕೂಸಿನ ಬುರುಡೆ ಇನ್ನೂ ಕೂಡಿಕೊಂಡಿರುವುದಿಲ್ಲವಾದ್ದರಿಂದ ತಲೆ ಹಿಗ್ಗುತ್ತದೆ, ಮೆದುಳು ಗೋಡೆಗೆ ಒತ್ತಿಕೊಂಡು ತೆಳ್ಳಗಾಗುತ್ತದೆ.

ಸಿಂಧನೂರಿನಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕರೆತಂದು ಷಂಟ್ ಹಾಕಿಸಿದೆವು. ತಲೆಯಿಂದ ಚರ್ಮದ ಕೆಳಗೇ ಇಳಿದು ಹೊಟ್ಟೆಗೆ ಹೋಗುವ ಸಣ್ಣ ಪೈಪು ಅದು. ಎರಡು ಥರ ಇದೆ ಅಂದರು. ಒಂದು ಫಾರಿನ್‌ದು, ಮೂವತ್ತು ಸಾವಿರದ ಮೇಲೆ. ಇನ್ನೊಂದು ನಮ್ಮ ದೇಶದ್ದು, ಕೆಲವೇ ಸಾವಿರ. ಭಾವನಿಗೆ ಆ ವರ್ಷದ ಭತ್ತದ ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ. ನಮ್ಮ ದೇಶದ್ದೇ ಹಾಕಿಸಿದೆವು. ಎರಡು ವರ್ಷಕ್ಕೆ ಅದು ಕಟ್ಟಿಕೊಂಡಿತು, ಮತ್ತೆ ಆಪರೇಷನ್ ಆಯ್ತು. ಹುಡುಗ ಈಗ ಚೆನ್ನಾಗಿದ್ದಾನೆ, ಒಂಬತ್ತನೇ ಕ್ಲಾಸು. ಆದರೆ ಅಕ್ಕನ ಬಾಯಲ್ಲಿ ಇವತ್ತಿಗೂ ಅದೇ ಮಾತು: "ರೊಕ್ಕ ಇದ್ದಿದ್ರ ಚಲೋದು ಹಾಕಸ್ತಿದ್ವಿ."

ಷಂಟ್ ಇಲ್ಲದೆಯೂ ಇದಕ್ಕೆ ಆಪರೇಷನ್ ಮಾಡುತ್ತಾರೆ, ಅದನ್ನು ಪಳಗಿಸಿದ್ದು ಉಗಾಂಡದ ಒಂದು ಊರಿನಲ್ಲಿ ಅಂತ ನನಗೆ ಹೇಳಿದವರು ಬೆಂಗಳೂರಿನ ಒಬ್ಬ ಮಕ್ಕಳ ನ್ಯೂರೋಸರ್ಜನ್. ಅವರ ಸ್ಕೋಪು ನನ್ನ ಹತ್ತಿರ ರಿಪೇರಿಗೆ ಬರುತ್ತದೆ. ಆ ಊರಿಗೆ ಪತ್ರ ಬರೆದು ನನ್ನನ್ನು ಪರಿಚಯಿಸಿದವರೂ ಅವರೇ. ಕಂಪಾಲಾದಲ್ಲಿ ಚಿಕ್ಕಮ್ಮನ ಮಗ ಇದ್ದಾನೆ, ನೀರಿನ ಪಂಪ್ ಕಂಪನಿಯಲ್ಲಿ ಕೆಲಸ. ಮಲಗಲು ಜಾಗ, ಬೆಳಿಗ್ಗೆ ಫಿಲ್ಟರ್ ಕಾಫಿ. ಇನ್ನೇನು ಬೇಕು?

ಎರಡನೇ ದಿನ

ಭಾನುವಾರ. ಬೆಳಿಗ್ಗೆ ರಸ್ತೆ ಬದಿಯಲ್ಲಿ ರೋಲೆಕ್ಸ್ ತಿಂದೆ. ಕೈಗಡಿಯಾರ ಅಲ್ಲ, ಚಪಾತಿಯಲ್ಲಿ ಆಮ್ಲೆಟ್ ಸುತ್ತಿ ಕೊಡುವ ತಿಂಡಿ. ನಮ್ಮವರು ಇಲ್ಲಿಗೆ ತಂದ ಚಪಾತಿ ಈಗ ಪೂರ್ತಿ ಇವರದ್ದೇ ಆಗಿಬಿಟ್ಟಿದೆ.

ಕಂಪಾಲಾ ತುಂಬ ಬೋಡಾ ಬೋಡಾ, ಅಂದರೆ ಬಾಡಿಗೆ ಬೈಕು. ಒಂದರ ಮೇಲೆ ಮೂವರು, ಹೆಲ್ಮೆಟ್ ಡ್ರೈವರಿಗೆ ಮಾತ್ರ, ಅದೂ ಕೆಲವರಿಗೆ. ಬಿದ್ದವರು ಬರೋದು ಮುಲಾಗೊ ಆಸ್ಪತ್ರೆಗೆ. ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯ ನ್ಯೂರೋಸರ್ಜನ್ ಮೈಕೆಲ್ ಹಗ್ಲಂಡ್ 2007ರಲ್ಲಿ ತಮ್ಮ ಕಡೆ ಹೆಚ್ಚಾಗಿ ಉಳಿದ ಮಷಿನ್‌ಗಳನ್ನು ಹೊತ್ತು ತಂದದ್ದು ಈ ಆಸ್ಪತ್ರೆಗೇ. ಮಷಿನ್ ಜೊತೆ ನರ್ಸು, ಅರಿವಳಿಕೆಯವರು, ರಿಪೇರಿಯವರು ಎಲ್ಲರನ್ನೂ ಕರೆತಂದರು. ಆಮೇಲೆ ಇಲ್ಲಿಯ ಡಾಕ್ಟರರಿಗೆ ಇಲ್ಲೇ ನ್ಯೂರೋಸರ್ಜರಿ ಕಲಿಸುವ ಕೋರ್ಸ್ ಶುರುವಾಯ್ತು. ರಿಪೇರಿಯವರನ್ನೂ ಕರೆತಂದರು ಅನ್ನೋದು ನನಗೆ ದೊಡ್ಡ ಸಂಗತಿ. ದಾನ ಬಂದ ಮಷಿನ್‌ಗಳ ಗತಿ ನಾನು ನೋಡಿದ್ದೇನೆ. ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ 110 ವೋಲ್ಟಿನ ಮೈಕ್ರೋಸ್ಕೋಪನ್ನು ನೇರವಾಗಿ ಗೋಡೆ ಪ್ಲಗ್ಗಿಗೆ ಹಾಕಿ ಉದ್ಘಾಟನೆಯ ದಿನವೇ ಹೊಗೆ ಎಬ್ಬಿಸಿದ್ದರು. ಹೂವಿನ ಹಾರ ಇನ್ನೂ ಬಾಡಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ತಮ್ಮನಿಗೆ ಲೆಕ್ಕ ಹೇಳಿದೆ. ಜಗತ್ತಿನಲ್ಲಿ 500 ಕೋಟಿ ಜನರಿಗೆ ಬೇಕಾದಾಗ ಸರಿಯಾದ ಸರ್ಜರಿ ಕೈಗೆ ಸಿಗಲ್ಲ ಅಂತ 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ಹೇಳಿತು. ಮೂರು ವರ್ಷದ ನಂತರ ಮೆದುಳು, ಬೆನ್ನುಹುರಿಗೇ ಬೇರೆ ಲೆಕ್ಕ ಬಂತು. ವರ್ಷಕ್ಕೆ 1.38 ಕೋಟಿ ಜನರಿಗೆ ಇಂಥ ಆಪರೇಷನ್ ಬೇಕು. 50 ಲಕ್ಷಕ್ಕೂ ಜಾಸ್ತಿ ಜನರಿಗೆ ಅದು ಆಗೋದೇ ಇಲ್ಲ, ಹೆಚ್ಚಿನವರು ಆಫ್ರಿಕಾ ಮತ್ತು ನಮ್ಮ ಏಷ್ಯಾದ ಕಡೆಯವರು. ಇನ್ನೂ 23,300 ನ್ಯೂರೋಸರ್ಜನ್‌ಗಳು ಬೇಕು.

"ಅಷ್ಟು ಜನ ಬಂದ್ರು ಅಂತ ಇಟ್ಕೊಳ್ಳಣ್ಣ" ಅಂದ ತಮ್ಮ, ಸಾರು ಬಡಿಸುತ್ತಾ. "ನೀರು, ಕರೆಂಟು ಯಾರು ತರ್ತಾರೆ?"

ಪಂಪಿನವನ ಪ್ರಶ್ನೆ. ತಪ್ಪೇನಿಲ್ಲ.

ಮೂರನೇ ದಿನ

ಎಂಬಾಲೆ ಕಂಪಾಲಾದಿಂದ ಪೂರ್ವಕ್ಕೆ ಸುಮಾರು 230 ಕಿ.ಮೀ. ಬೆಳಿಗ್ಗೆ ಆರಕ್ಕೇ ಹೊರಟರೂ ಊರಿನ ಜಾಮ್ ದಾಟಲು ಒಂದೂವರೆ ಗಂಟೆ. ನಮಾವೊಜ್ಜೊಲೊ ಎಂಬಲ್ಲಿ ಕಾರು ನಿಲ್ಲುವ ಮೊದಲೇ ಹತ್ತು ಕೈಗಳು ಕಿಟಕಿಯೊಳಗೆ ಬಂದವು. ಒಂದೊಂದರಲ್ಲೂ ಕಡ್ಡಿಗೆ ಚುಚ್ಚಿದ ಸುಟ್ಟ ಕೋಳಿ, ಸುಟ್ಟ ಬಾಳೆಕಾಯಿ. ಡ್ರೈವರ್ ಚೌಕಾಸಿ ಮಾಡಿದ್ದು ನೋಡಿದರೆ ನಮ್ಮ ಗಾಂಧಿ ಬಜಾರಿನ ಹೆಂಗಸರೂ ತಲೆಬಾಗಬೇಕು.

ಆಮೇಲೆ ಮಬೀರ ಕಾಡು. ಜಿಂಜಾದಲ್ಲಿ ನೈಲ್ ನದಿ, ಅದರ ಮೇಲೆ 2018ರಲ್ಲಿ ತೆರೆದ ದೊಡ್ಡ ತೂಗು ಕಂಬಿಗಳ ಸೇತುವೆ. ಈ ನೀರಿನಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನೂ ಬಿಟ್ಟಿದ್ದಾರೆ. ದಾಟಿದರೆ ಕಕೀರದ ಕಬ್ಬಿನ ಗದ್ದೆಗಳು, ಥೇಟ್ ಮಂಡ್ಯ. ಇಗಾಂಗದಲ್ಲಿ ಎಡಕ್ಕೆ ತಿರುಗಿದೆವು.

ಅಲ್ಲಿಂದ ಮುಂದೆ ನೆಲ ತಗ್ಗುತ್ತದೆ. ರಸ್ತೆಯ ಎರಡೂ ಕಡೆ ಆಪಿನ ಹಾಗೆ ತಲೆಯೆತ್ತಿ ನಿಂತ ಪಪೈರಸ್, ನಡುನಡುವೆ ಭತ್ತ. ನಮ್ಮ ತುಂಗಭದ್ರಾ ಕಾಲುವೆ ಕಡೆಯ ಗದ್ದೆ ನೋಡಿದಂತಾಯ್ತು. "ಎಂಪೊಲೊಗೋಮ" ಅಂದ ಡ್ರೈವರ್. ಈ ಜೌಗಿನ ನದಿಯ ಹೆಸರು, ಲುಗಾಂಡ ಭಾಷೆಯಲ್ಲಿ ಸಿಂಹ ಅಂತ ಅರ್ಥವಂತೆ.

ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ನಿಂತೆ. ನಾನು ನೋಡಲು ಹೊರಟಿದ್ದ ಕಾಯಿಲೆಗೂ ಇಂಥ ನೆಲಕ್ಕೂ ನಂಟಿದೆ. ಎಂಬಾಲೆಯಲ್ಲಿ ಮೊದಮೊದಲು ಬಂದ ಮಕ್ಕಳ ಲೆಕ್ಕ ತೆಗೆದಾಗ, ಐವರಲ್ಲಿ ಮೂವರಿಗೆ ತಲೆಯಲ್ಲಿ ನೀರು ತುಂಬಿದ್ದು ಹುಟ್ಟಿನ ದೋಷದಿಂದ ಅಲ್ಲ, ಸೋಂಕಿನಿಂದ. ಹುಟ್ಟಿದ ತಿಂಗಳೊಳಗೆ ಜ್ವರ, ಫಿಟ್ಸ್. ಕೂಸು ಉಳಿಯುತ್ತದೆ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಕೆಲವು ವಾರ ಬಿಟ್ಟು ತಲೆ ಬೆಳೆಯತೊಡಗುತ್ತದೆ. ಯಾವ ರೋಗಾಣು ಅಂತ ಬಹಳ ವರ್ಷ ಸಿಕ್ಕಿರಲಿಲ್ಲ. ಲ್ಯಾಬಿನ ತಟ್ಟೆಯಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಸ್ಟೀವನ್ ಶಿಫ್ ಎಂಬ ಅಮೆರಿಕದ ನ್ಯೂರೋಸರ್ಜನ್ ಮತ್ತು ಉಗಾಂಡದ ಸಂಗಡಿಗರು ಮಕ್ಕಳ ಮೆದುಳಿನ ನೀರಿನಲ್ಲಿರುವ ಡಿಎನ್‌ಎ ಹುಡುಕಿ, 2020ರಲ್ಲಿ ಪೀನಿಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಹೆಸರು ಹೇಳಿದರು. ಆ ಮಕ್ಕಳ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಕ್ಯೋಗ ಸರೋವರದ ಎರಡೂ ದಂಡೆಯ ಜೌಗಿನ ಸುತ್ತ ಗುಂಪುಗುಂಪಾಗಿ ಕಂಡವು. ಈ ಎಂಪೊಲೊಗೋಮದ ನೀರು ಹೋಗೋದೂ ಆ ಕಡೆಗೇ.

ಮಧ್ಯಾಹ್ನಕ್ಕೆ ವನಾಲೆ ಬೆಟ್ಟ ಕಂಡಿತು. ಊರಿನ ಹಿಂದೆ ಗೋಡೆ ಕಟ್ಟಿದ ಹಾಗೆ, ತುದಿಯಿಂದ ನೂಲಿನಂಥ ಜಲಪಾತಗಳು. ಎಂಬಾಲೆ ಎಂಬ ಊರು ಅದರ ಬುಡದಲ್ಲಿ. ಗಡಿಯಾರದ ಕಂಬದ ಹತ್ತಿರ ಕಾರು ನಿಂತೇಬಿಟ್ಟಿತು. ಎದುರಿಗೆ ಡೋಲು, ಸೀಟಿ, ಕುಣಿತ. ಹದಿನಾರು ಹದಿನೆಂಟರ ಹುಡುಗರು ಮೈಗೆಲ್ಲ ಹಿಟ್ಟು ಬಳಿದುಕೊಂಡು ಬೀದಿ ತುಂಬ ಕುಣಿಯುತ್ತಿದ್ದರು. ಸರಿಸಂಖ್ಯೆಯ ವರ್ಷಗಳಲ್ಲಿ ಇಲ್ಲಿಯ ಬಗಿಸು ಜನ ಇಂಬಾಲು ಮಾಡುತ್ತಾರೆ, ಹುಡುಗರು ಗಂಡಸರಾಗುವ ಸುನ್ನತಿಯ ಹಬ್ಬ. ಕತ್ತಿ ಮುಂದೆ ಕಣ್ಣು ಮಿಟುಕಿಸಬಾರದಂತೆ. ಡ್ರೈವರ್ ತನ್ನ ಸರದಿಯ ಕಥೆ ಹೇಳಲು ಶುರು ಮಾಡಿದ. ಊಟಕ್ಕೆ ಮುಂಚೆ ಬೇಡ ಮಾರಾಯ ಅಂದೆ.

ಊಟಕ್ಕೆ ಮಲೇವಾ ಬಂತು. ಹೊಗೆಯಲ್ಲಿ ಒಣಗಿಸಿದ ಎಳೆ ಬಿದಿರನ್ನು ಶೇಂಗಾ ಗೊಜ್ಜಿನಲ್ಲಿ ಬೇಯಿಸಿದ್ದು. ತುತ್ತು ಬಾಯಿಗಿಟ್ಟೊಡನೆ ಗೊತ್ತಾಯ್ತು, ಇದು ಕಳಲೆ! ನನ್ನ ಹೆಂಡತಿ ತೀರ್ಥಹಳ್ಳಿಯವಳು. ಫೋಟೊ ತೆಗೆದು ಕಳಿಸಿದೆ. "ಮೂರು ದಿನ ನೀರಲ್ಲಿ ನೆನೆಸಿದಾರಾ ಕೇಳಿ" ಅಂತ ಉತ್ತರ ಬಂತು.

ನಾಲ್ಕನೇ ದಿನ

ಕ್ಯೂರ್ ಮಕ್ಕಳ ಆಸ್ಪತ್ರೆ. ಬೆಂಜಮಿನ್ ವಾರ್ಫ್ ಎಂಬ ಅಮೆರಿಕದ ಮಕ್ಕಳ ನ್ಯೂರೋಸರ್ಜನ್ 2000ದಲ್ಲಿ ಹೆಂಡತಿ, ಆರು ಮಕ್ಕಳೊಡನೆ ಉಗಾಂಡಕ್ಕೆ ಬಂದು, ಇದನ್ನು ಕಟ್ಟುವುದರಲ್ಲಿ ನಿಂತು, ಆರು ವರ್ಷ ಇಲ್ಲೇ ಉಳಿದರು. ಬಂದ ಹೊಸದರಲ್ಲಿ ಅವರೂ ಎಲ್ಲರ ಹಾಗೆ ಷಂಟೇ ಹಾಕುತ್ತಿದ್ದರು.

ತೊಡಕಿದ್ದದ್ದು ಆಪರೇಷನ್ನಿನಲ್ಲಲ್ಲ, ಆಮೇಲಿನದರಲ್ಲಿ. ಷಂಟ್ ಹಾಕಿದ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಎರಡು ವರ್ಷದೊಳಗೆ ಅದು ಕೆಡುತ್ತದೆ. ಯಾವ ದೇಶದಲ್ಲಾದರೂ ಅಷ್ಟೇ. ಅಮೆರಿಕದಲ್ಲಾದರೆ ಅಮ್ಮ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತಾಳೆ. ಇಲ್ಲಿ ಅಮ್ಮ ಮೊದಲು ನಡೆಯಬೇಕು, ಆಮೇಲೆ ಬೋಡಾ, ಆಮೇಲೆ ಬಸ್ಸು, ಮಳೆ ಬಂದರೆ ಅದೂ ಇಲ್ಲ. ಅಷ್ಟರಲ್ಲಿ ಕೂಸು ಹೋಗಿರುತ್ತದೆ. ಪೈಪು ಹಾಕಿ ಕಳಿಸೋದು ಅಂದರೆ ಗಡಿಯಾರ ಕಟ್ಟಿ ಕಳಿಸಿದ ಹಾಗೆ. ಹಾಗಾಗಿ ವಾರ್ಫ್ ಪೈಪಿಲ್ಲದ ದಾರಿ ಹುಡುಕಿದರು. ನನ್ನ ಭಾಷೆಯಲ್ಲಿ ಹೇಳೋದಾದರೆ, ಅವರು ಕಂಡುಹಿಡಿದದ್ದು ಬಸ್ ಚಾರ್ಜ್ ಲೆಕ್ಕ ಹಾಕಿದ ಆಪರೇಷನ್ನು.

ಅದನ್ನು ಇವತ್ತು ಥಿಯೇಟರಿನಲ್ಲೇ ನಿಂತು ನೋಡಿದೆ. ಕೂಸಿಗೆ ಚಳಿಯಾಗಬಾರದು ಅಂತ ಕೋಣೆ ಬೆಚ್ಚಗಿತ್ತು. ಗೌನು ಹಾಕಿ ಮೂಲೆಯಲ್ಲಿ ನಿಂತೆ. ಮೇಜಿನ ಮೇಲೆ ನಾಲ್ಕು ತಿಂಗಳ ಹುಡುಗಿ. ನೆತ್ತಿಯ ಮೆತ್ತನೆ ಜಾಗದ ಅಂಚಿನಲ್ಲಿ ಉಗುರಿನಷ್ಟು ಗಾಯ ಮಾಡಿ, ಪೆನ್ಸಿಲ್ಲಿಗಿಂತ ತೆಳುವಾದ, ತುದಿ ಬಾಗುವ ಸ್ಕೋಪನ್ನು ಒಳಗೆ ಬಿಟ್ಟರು.

ಅಭ್ಯಾಸ ಬಲ ನೋಡಿ. ಪರದೆಯ ಮೇಲೆ ಚಿತ್ರ ಬಂದಾಗ ನಾನು ಮೊದಲು ನೋಡಿದ್ದು ಮೆದುಳನ್ನಲ್ಲ, ಕಪ್ಪು ಚುಕ್ಕೆಗಳನ್ನು. ಈ ಸ್ಕೋಪಿನಲ್ಲಿ ಕೂದಲಿಗಿಂತ ತೆಳುವಾದ ಸಾವಿರಾರು ಗಾಜಿನ ಎಳೆಗಳಿರುತ್ತವೆ. ಒಂದು ಎಳೆ ಮುರಿದರೆ ಚಿತ್ರದಲ್ಲಿ ಒಂದು ಕಪ್ಪು ಚುಕ್ಕೆ. ಬಿಗಿಯಾಗಿ ಸುತ್ತಿಟ್ಟರೆ, ಟ್ರೇನಲ್ಲಿ ಎಸೆದರೆ, ಮುಚ್ಚಳಕ್ಕೆ ಸಿಕ್ಕಿಸಿದರೆ ಮುರಿಯುತ್ತವೆ. ಸ್ಕೋಪನ್ನು ಯಾರು ಹೇಗೆ ನೋಡಿಕೊಂಡಿದ್ದಾರೆ ಅಂತ ಕಪ್ಪು ಚುಕ್ಕೆ ಹೇಳುತ್ತದೆ. ನಮ್ಮ ಕಡೆ ಹಳೇ ಸ್ಕೋಪಿನ ಚಿತ್ರ ಎಳ್ಳು ಚೆಲ್ಲಿದ ಹಾಗಿರುತ್ತದೆ. ಇಲ್ಲಿ ಎಣಿಸಿದೆ, ಏಳು.

ಆಮೇಲೆ ಮೆದುಳನ್ನು ನೋಡಿದೆ. ತಿಳಿನೀರಿನ ಗುಹೆಯೊಳಗೆ ಹೋದ ಹಾಗಿತ್ತು. ಒಂದು ಕಿಂಡಿ ದಾಟಿ ಇನ್ನೊಂದು ಕೋಣೆಗೆ ಇಳಿದರು. ಅದರ ನೆಲ ಹಾಲಿನ ಕೆನೆಯಷ್ಟು ತೆಳು, ಕೆಳಗೆ ರಕ್ತನಾಳ ಮಿಡಿಯೋದು ಕಾಣುತ್ತದೆ. ಆ ನೆಲಕ್ಕೆ ಮೆಲ್ಲಗೆ ತೂತು ಮಾಡಿದರು. ನಿಂತ ನೀರಿಗೆ ಹೊಸ ದಾರಿ. ತೂತು ಸರಿಯಾಗಿದ್ದರೆ ನೆಲ ಎದೆಬಡಿತದ ಜೊತೆಗೇ ಏಳುತ್ತಾ ಬೀಳುತ್ತಾ ಇರುತ್ತದೆ. ಸರ್ಜನ್ ಒಂದು ನಿಮಿಷ ಏನೂ ಮಾಡದೆ ಅದನ್ನೇ ನೋಡುತ್ತಾ ನಿಂತರು. ಎಲ್ಲರೂ ನಿಂತೆವು. ಪಟ ಪಟ ಪಟ, ಗಾಳಿಗೆ ಸಿಕ್ಕ ತೆಳು ಬಟ್ಟೆಯ ಹಾಗೆ.

ತೂತು ಮಾಡೋದು ಹಳೇ ವಿದ್ಯೆ. ಆದರೆ ಎಳೆಗೂಸುಗಳಿಗೆ ಅದೊಂದೇ ಸಾಲುತ್ತಿರಲಿಲ್ಲ. ವಾರ್ಫ್ ಅದರ ಜೊತೆಗೆ ಇನ್ನೊಂದನ್ನು ಸೇರಿಸಿದರು. ಮೆದುಳಿನ ಕೋಣೆಗಳಲ್ಲಿ ನೀರನ್ನು ಊರಿಸುವ ಕೆಂಪು ಗೊಂಚಲಿದೆ, ಹುಂಜದ ಜುಟ್ಟಿನ ಹಾಗೆ. ಅದನ್ನು ಸಣ್ಣ ಕರೆಂಟಿನ ತಂತಿಯಿಂದ ಅಂಚಿನುದ್ದಕ್ಕೂ ಸುಡುತ್ತಾರೆ. ತಂತಿ ತಾಗಿದಲ್ಲಿ ಕೆಂಪು ಹೋಗಿ ಬಿಳಿಯಾಗಿ ಮುದುಡುತ್ತದೆ. ಒಂದು ಕಡೆ ಮುಗಿಸಿ, ನಡುವಿನ ಪರದೆಯಲ್ಲಿ ಕಿಂಡಿ ಮಾಡಿ, ಅದೇ ಸ್ಕೋಪನ್ನು ಬಗ್ಗಿಸಿ ಆಚೆ ಬದಿಗೂ ಹೋದರು. ಹರಿಯಲು ದಾರಿ ಒಂದು ಕಡೆ, ಊರೋದು ಕಡಿಮೆ ಇನ್ನೊಂದು ಕಡೆ. ನಮ್ಮ ಕೆರೆ ಕಟ್ಟುವವರಿಗೆ ಕೇಳಿದರೂ ಇದನ್ನೇ ಹೇಳುತ್ತಿದ್ದರು ಅಲ್ವಾ?

2005ರಲ್ಲಿ ವಾರ್ಫ್ ಬರೆದ ಲೆಕ್ಕದಲ್ಲಿ, ವರ್ಷದೊಳಗಿನ ಮಕ್ಕಳಿಗೆ ಬರೀ ತೂತು ಮಾಡಿದಾಗ ನೂರಕ್ಕೆ 47 ಗೆದ್ದರೆ, ಸುಟ್ಟೂ ಮಾಡಿದಾಗ 66. ಉಳಿದವರಿಗೆ ಷಂಟ್ ಬೇಕೇ ಬೇಕು. ಕೆಡುವುದಿದ್ದರೆ ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ ಕೆಡುತ್ತದೆ, ಅದು ದಾಟಿದರೆ ಚಿಂತೆ ಬಹಳ ಕಡಿಮೆ. ಷಂಟಿಗೆ ಹಾಗೆ ಗಡುವಿಲ್ಲ. ನಮ್ಮ ಹುಡುಗನಿಗೆ ತಲೆನೋವು ಅಂದರೆ ಸಾಕು, ಹನ್ನೆರಡು ವರ್ಷದ ನಂತರವೂ ಅಕ್ಕನ ಕೈ ಅವನ ಕಿವಿಯ ಹಿಂದಕ್ಕೆ ಹೋಗುತ್ತದೆ.

ಇದು ಬಡವರಿಗೆ ಮಾಡುವ ಕಡಿಮೆ ದರ್ಜೆಯ ಆಪರೇಷನ್ ಇರಬೇಕು ಅಂತ ಅನುಮಾನ ಪಟ್ಟವರೂ ಇದ್ದರು. ಅದಕ್ಕೆ ಇದೇ ಊರಿನಲ್ಲಿ 100 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಷಂಟ್, ಇನ್ನೊಂದಕ್ಕೆ ಈ ಆಪರೇಷನ್ ಮಾಡಿ ನೋಡಿದರು. ಟೊರಾಂಟೊದ ಸರ್ಜನ್ ಅಭಯ ಕುಲಕರ್ಣಿ ಮತ್ತು ವಾರ್ಫ್ ಅವರ ತಂಡ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ವರ್ಷದ ನಂತರ ಮಕ್ಕಳ ಬುದ್ಧಿ ಬೆಳವಣಿಗೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಇವತ್ತು ಬೇರೆ ಬೇರೆ ದೇಶದ ಸರ್ಜನ್‌ಗಳು ಇಲ್ಲಿಗೆ ಬಂದು ಕಲಿತು ಹೋಗುತ್ತಾರೆ. ಅಮೆರಿಕದ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ವಾರ್ಫ್ ವಾಪಸ್ ಹೋದಮೇಲೆ ಇಲ್ಲಿ ಕೆಲಸ ಮುಂದುವರಿಸಿದವರು ಉಗಾಂಡದವರೇ ಆದ ಜಾನ್ ಮುಗಾಂಬ. ಒಂದು ವಾರ ಬಂದು ಇಪ್ಪತ್ತು ಆಪರೇಷನ್ ಮಾಡಿ, ಫೋಟೊ ತೆಗೆಸಿಕೊಂಡು ಹೋಗುವ ಕ್ಯಾಂಪುಗಳ ಬಗ್ಗೆ ನನಗೆ ಗೌರವ ಕಡಿಮೆ. ಹನ್ನೊಂದನೇ ದಿನಕ್ಕೆ ಜ್ವರ ಬಂದರೆ ಯಾರಿಗೆ ಫೋನ್ ಮಾಡೋದು?

ಕೇಸ್ ಮುಗಿದ ಮೇಲೆ ಸ್ಕೋಪು ತೊಳೆಯುವ ಕೋಣೆಗೆ ಹೋದೆ. ಏಳೇ ಚುಕ್ಕೆಯ ಗುಟ್ಟು ಅಲ್ಲಿತ್ತು. ಐವತ್ತರ ಒಬ್ಬ ಹೆಂಗಸು. ಬೇರೆ ಯಾರೂ ಈ ಸ್ಕೋಪನ್ನು ಮುಟ್ಟುವ ಹಾಗಿಲ್ಲ, ಸರ್ಜನ್ ಕೂಡ ಅವರ ಕೈಯಿಂದಲೇ ತೆಗೆದುಕೊಂಡು ಅವರ ಕೈಗೇ ಕೊಡಬೇಕು. ಲೀಕ್ ಟೆಸ್ಟ್ ಮಾಡುತ್ತಿದ್ದರು. ಸ್ಕೋಪಿಗೆ ಗಾಳಿ ತುಂಬಿ, ನೀರಲ್ಲಿ ಮುಳುಗಿಸಿ, ಗುಳ್ಳೆ ಬರುತ್ತಾ ಅಂತ ನೋಡೋದು, ಥೇಟ್ ಸೈಕಲ್ ಪಂಕ್ಚರ್ ಅಂಗಡಿ. ಅವರು ಮಗುವಿಗೆ ಸ್ನಾನ ಮಾಡಿಸುವ ಹಾಗೆ ಇಂಚು ಇಂಚು ತಿರುಗಿಸುತ್ತಾ, ಪ್ರತಿ ಇಂಚಿಗೂ ನಿಲ್ಲುತ್ತಿದ್ದರು. ನಾನು ನಮ್ಮ ಟೆಕ್ನಿಶಿಯನ್ ಹುಡುಗರಿಗೆ ಹದಿನೆಂಟು ವರ್ಷದಿಂದ ಇದನ್ನೇ ಬಡಿದುಕೊಳ್ಳುತ್ತಿದ್ದೇನೆ.

ಡಬ್ಬಿ ಕೊಟ್ಟೆ. ಕೂತು ಒಂದೊಂದೇ ರಿಂಗನ್ನು ಎಳೆದು, ಬೆಳಕಿಗೆ ಹಿಡಿದು ನೋಡಿದರು. ಹದಿನಾರನ್ನು ಬದಿಗಿಟ್ಟು "ಇವು ಬೇಡ, ಬಿರುಕಿದೆ" ಅಂದರು. ನಾನು ಆರಿಸಿ ತಂದದ್ದು! 23,300ರ ಲೆಕ್ಕದಲ್ಲಿ ಇವರು ಬರುವುದಿಲ್ಲ. ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಐದನೇ ದಿನ

ವಾರ್ಡು. ಅಮ್ಮಂದಿರೇ ಅಮ್ಮಂದಿರು. ಬೆನ್ನಿಗೆ ಕೂಸು ಕಟ್ಟಿಕೊಂಡು ಬಟ್ಟೆ ಒಗೆಯುವವರು, ಅಂಗಳದಲ್ಲಿ ಬಿಸಿಲಿಗೆ ಕೂತವರು. "ಮುಲೆಂಬೆ" ಅಂದರೆ "ಮುಲೆಂಬೆ" ಅನ್ನುತ್ತಾರೆ, ಇಲ್ಲಿಯ ನಮಸ್ಕಾರ. ಗಂಡಸರು ಕಡಿಮೆ. ಕೂಸಿನ ತಲೆ ದೊಡ್ಡದಾದಾಗ ಮಾಟ ಅಂತಲೋ, ಹೆಂಡತಿಯ ಕಡೆಯ ಶಾಪ ಅಂತಲೋ ಬಿಟ್ಟು ಹೋದವರೂ ಇದ್ದಾರೆ ಅಂದರು ನರ್ಸ್. ನನಗೇನೂ ಹೊಸದಲ್ಲ. ಅಕ್ಕ ಗ್ರಹಣದ ದಿನ ಈಳಿಗೆ ಮುಟ್ಟಿದ್ದಳು ಅಂತ ನಮ್ಮ ಊರಲ್ಲೂ ಹೇಳಿದವರಿದ್ದಾರೆ.

ಪಕ್ಕದ ಸಾಲಿನಲ್ಲಿ ಬೆನ್ನಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಮಕ್ಕಳು, ಸ್ಪೈನಾ ಬೈಫಿಡಾ. ಬೆನ್ನ ಮೇಲೆ ತೆಳು ಚರ್ಮದ ಗುಳ್ಳೆ. ಬೇಗ ಹೊಲಿದು ಮುಚ್ಚದಿದ್ದರೆ ಸೋಂಕು. ಎಷ್ಟೋ ಮಕ್ಕಳಿಗೆ ಆಮೇಲೆ ತಲೆಯಲ್ಲಿ ನೀರೂ ತುಂಬುತ್ತದೆ. ಇದರಲ್ಲಿ ಬಹುಪಾಲು ಫೋಲಿಕ್ ಆಸಿಡ್ ಎಂಬ ವಿಟಮಿನ್‌ನಿಂದ ತಪ್ಪಿಸಬಹುದಾದದ್ದು. ಆ ಫೋಲಿಕ್ ಆಸಿಡ್ಡಿನ ಜಾಡು ಮೊದಲು ಹಿಡಿದದ್ದು ನಮ್ಮ ಮುಂಬೈಯಲ್ಲಿ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ಡಾಕ್ಟರ್ 1930ರ ಆಸುಪಾಸಿನಲ್ಲಿ ಅಲ್ಲಿಯ ಬಟ್ಟೆ ಗಿರಣಿಗಳ ಬಸುರಿ ಹೆಂಗಸರ ರಕ್ತಹೀನತೆಗೆ ಯೀಸ್ಟಿನ ಸಾರ ಕೊಟ್ಟು ವಾಸಿ ಮಾಡಿದ್ದರು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಮಾತ್ರೆ ಕೊಡುತ್ತಾರೆ, ನಿಜ. ಆದರೆ ಕೂಸಿನ ಬೆನ್ನು ಮುಚ್ಚಿಕೊಳ್ಳೋದು ಬಸಿರು ನಿಂತ ಮೊದಲ ನಾಲ್ಕು ವಾರದೊಳಗೆ. ಆಗಿನ್ನೂ ತಾಯಿಗೇ ಗೊತ್ತಿರುವುದಿಲ್ಲ. ಅದಕ್ಕೇ ಹಿಟ್ಟಿನಲ್ಲೋ ಉಪ್ಪಿನಲ್ಲೋ ಬೆರೆಸಿ ಎಲ್ಲರಿಗೂ ಮುಟ್ಟಿಸಬೇಕು ಅಂತ ನ್ಯೂರೋಸರ್ಜನ್‌ಗಳೇ ಓಡಾಡಿದರು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಆ ಬಗ್ಗೆ ಠರಾವನ್ನೂ ಮಾಡಿತು. ತಮ್ಮ ಮೇಜಿಗೆ ಬರುವ ಕೇಸನ್ನು ತಾವೇ ಕಡಿಮೆ ಮಾಡಲು ಹೊರಟ ಸರ್ಜನ್‌ಗಳನ್ನು ನಾನು ಜಾಸ್ತಿ ನೋಡಿಲ್ಲ.

ನಿನ್ನೆ ನೋಡಿದ ಹುಡುಗಿಯ ಅಮ್ಮ ಕಿಟಕಿ ಪಕ್ಕ ಕೂತಿದ್ದರು. ಇಪ್ಪತ್ತು ಇಪ್ಪತ್ತೆರಡು ಇರಬಹುದು. ನರ್ಸ್ ನಮ್ಮಿಬ್ಬರ ನಡುವೆ ಮಾತು ದಾಟಿಸಿದರು. ಉತ್ತರದ ಕಡೆಯ ಹಳ್ಳಿ. ಎರಡು ಆಡು ಮಾರಿ ಹೊರಟದ್ದು, ದಾರಿಯಲ್ಲಿ ಒಂದು ರಾತ್ರಿ ಬಸ್ ನಿಲ್ದಾಣದಲ್ಲಿ ಮಲಗಿದ್ದು. ಆಕೆ ಕೇಳಿದ್ದು ಒಂದೇ ಪ್ರಶ್ನೆ. ಒಳಗೆ ಪೈಪು ಬಿಟ್ಟಿದ್ದಾರಾ? ಇಲ್ಲ ಅಂದೆ, ನಾನೇ ಕಣ್ಣಾರೆ ನೋಡಿದೆ. ಕೂಸಿನ ತಲೆಯ ಬ್ಯಾಂಡೇಜ್ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತರು.

ನನಗೆ ಆ ರಾತ್ರಿ ನೆನಪಾಯ್ತು. ಹುಡುಗನಿಗೆ ಎರಡು ವರ್ಷ. ವಾಂತಿ, ಮಂಪರು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಗ್ಯಾಸ್ ಅಂತ ಎರಡು ದಿನ ಡ್ರಿಪ್ ಹಾಕಿದರು. ಮೂರನೇ ದಿನ ಕಣ್ಣು ಕೆಳಗೇ ನಿಂತುಬಿಟ್ಟಿತು, ಮೇಲೆ ಬರುತ್ತಲೇ ಇಲ್ಲ. ಬಾಡಿಗೆ ಸುಮೋದಲ್ಲಿ ನಾನೂರು ಕಿಲೋಮೀಟರ್. ಹಿರಿಯೂರು ಬರುವವರೆಗೆ ಅಕ್ಕ ಒಂದು ಮಾತೂ ಆಡಲಿಲ್ಲ. ಹಿರಿಯೂರಿನಲ್ಲಿ ಹೇಳಿದ್ದು ಅದೇ ಮಾತು.

ಮಧ್ಯಾಹ್ನ ಸ್ಟೋರ್ ರೂಮಿನಲ್ಲಿ ಒಂದು ಲೈಟ್ ಕೇಬಲ್ ಹುಡುಕುತ್ತಿದ್ದಾಗ, ಕೆಳಗಿನ ಹಲಗೆಯಲ್ಲಿ ಪರಿಚಯದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಛಾಬ್ರಾ ಷಂಟ್. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾದದ್ದು. ಹುಡುಗನ ಡಿಸ್ಚಾರ್ಜ್ ಚೀಟಿಯಲ್ಲಿ ಇರೋದು ಇದೇ ಹೆಸರು. ಕೈಗೆ ತಗೊಂಡೆ. ಹಾಲುಬಿಳುಪಿನ ಮೆತ್ತನೆ ಪೈಪು, ನಡುವೆ ಅವರೆಕಾಳಿಗಿಂತ ಸ್ವಲ್ಪ ದೊಡ್ಡ ಗುಬುಟು. ಹುಡುಗನ ಕಿವಿಯ ಹಿಂದೆ ಕೈಗೆ ಸಿಗೋದು ಅದೇ. ಐಸ್‌ಕ್ಯಾಂಡಿ ಕೊಡಿಸಿದವರಿಗೆ ಮಾತ್ರ ಒತ್ತಿ ನೋಡಲು ಬಿಡುತ್ತಿದ್ದ.

"ಇದು ನಿಮ್ಮ ದೇಶದ್ದು" ಅಂದರು ಸ್ಟೋರಿನವರು. "ಇಲ್ಲಿ ಪರೀಕ್ಷೆ ಪಾಸಾಗಿದೆ."

ಯಾವ ಪರೀಕ್ಷೆ ಅಂತ ಕೇಳಿ, ರಾತ್ರಿ ರೂಮಿನಲ್ಲಿ ಕೂತು ಓದಿದೆ. ವಾರ್ಫ್ ಇದೇ ಆಸ್ಪತ್ರೆಯಲ್ಲಿ 195 ಮಕ್ಕಳಲ್ಲಿ ಎರಡು ಥರದ ಷಂಟನ್ನು ಹೋಲಿಸಿ ನೋಡಿದ್ದರು. ಒಂದು ಅಮೆರಿಕದ ಹೆಸರುವಾಸಿ ಕಂಪನಿಯದ್ದು, ಆಗಿನ ಬೆಲೆ 650 ಡಾಲರ್. ಇನ್ನೊಂದು ಛಾಬ್ರಾ, 35 ಡಾಲರ್. ಒಂದು ವರ್ಷ ಹಿಂಬಾಲಿಸಿದರು. ಸೋಂಕು, ಕಟ್ಟಿಕೊಳ್ಳೋದು, ಸಾವು, ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಹದಿನೆಂಟು ವರ್ಷ ಆಸ್ಪತ್ರೆಗಳಲ್ಲೇ ಅಲೆದ ನನಗೆ ಇದು ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ನಾನೂ ಹುಡುಕಿರಲಿಲ್ಲ.

ಆಗಲೇ ಫೋನ್ ಮಾಡೋಣ ಅನಿಸಿತು. ಇಲ್ಲಿ ಹತ್ತು ಗಂಟೆ ಅಂದರೆ ಸಿಂಧನೂರಿನಲ್ಲಿ ಹನ್ನೆರಡೂವರೆ. ಅಪರಾತ್ರಿ ನನ್ನ ಫೋನ್ ಬಂದರೆ ಅಕ್ಕನ ಎದೆ ಒಡೆದು ಹೋದೀತು. ಬಿಟ್ಟೆ.

ಆರನೇ ದಿನ

ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದೆ. ಅಲ್ಲಿ ಎಂಟೂವರೆ, ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಸಿಪಿ ಜಲಪಾತ ಇಷ್ಟು ಹತ್ತಿರ ಇದ್ದೂ ನೋಡಲಿಲ್ವಾ ಅಂತ ಕಂಪಾಲಾದ ತಮ್ಮ ಬೈದಿದ್ದನ್ನು ಮೊದಲು ಹೇಳಿದೆ. ಆಮೇಲೆ ವಿಷಯಕ್ಕೆ ಬಂದೆ.

"ಅಕ್ಕಾ, ನಮ್ಮ ಹುಡುಗಗ ಹಾಕಿಸಿದ ಪೈಪು ಇಲ್ಲೂ ಐತಿ."

"ಏನ್ ಹೇಳಾಕತ್ತಿ?"

"ಅದೇ ಪೈಪು. ಫಾರಿನ್‌ದೂ ಅದೂ ಎರಡೂ ಮಕ್ಕಳಿಗೆ ಹಾಕಿ ಒಂದು ವರ್ಷ ನೋಡ್ಯಾರ. ಏನೂ ಫರಕ್ ಇಲ್ಲಂತ. ಫಾರಿನ್‌ದು ಹಾಕಿಸಿದ್ರೂ ಕಟ್ಟೋದು ಕಟ್ತಿತ್ತು."

ರೊಟ್ಟಿ ಸದ್ದು ನಿಂತಿತು.

"ಯಾವಾಗ ನೋಡ್ಯಾರ?"

"2005ರಾಗ ಬರದಾರ."

"ಅಂದ್ರ ಇವ ಹುಟ್ಟೋಕಿಂತ ಮೊದ್ಲ?"

"ಐದು ವರ್ಷ ಮೊದ್ಲ."

"ಮತ್ತ ನಮಗ ಯಾರೂ ಯಾಕ ಹೇಳ್ಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಗೆ ಕಿಟಕಿಯಲ್ಲಿ ವನಾಲೆ ಬೆಟ್ಟದ ನೆತ್ತಿಗೆ ಬಿಸಿಲು ಬೀಳುತ್ತಿತ್ತು, ದೂರದಲ್ಲೆಲ್ಲೋ ಆಗಲೇ ಡೋಲು ಶುರುವಾಗಿತ್ತು. ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. ತವಾದ ಮೇಲಿನ ರೊಟ್ಟಿ ಸೀದಿರಬೇಕು, ಏನೋ ಕೆರೆದ ಸದ್ದು. ಒಂದೆರಡು ನಿಮಿಷ ಹಾಗೇ ಹೋಯ್ತು. ನಿನ್ನೆ ವಾರ್ಡಿನಲ್ಲಿ ಕಂಡ ಹೆಣ್ಣುಮಗಳ ಕಥೆ ಹೇಳಿದೆ. ಆಡು ಮಾರಿದ್ದು, ಬಸ್ ನಿಲ್ದಾಣದಲ್ಲಿ ಮಲಗಿದ್ದು.

"ಆಕಿಗೆ ಹೊಳ್ಳಿ ಊರಿಗೆ ಹೋಗಾಕ ಬಸ್ಸಿಗೆ ರೊಕ್ಕ ಐತೇನು?" ಅಂದಳು ಅಕ್ಕ.

ನಾನು ಕೇಳಿರಲಿಲ್ಲ. ಕಾರು ಹೊರಡಲು ಇನ್ನೂ ಒಂದು ಗಂಟೆ ಇತ್ತು.